ಎರಡನೇ ಸೀಟಿ

ಮೊನ್ನೆ ಹಬ್ಬಕ್ಕೆಂದು ಮನೆಯ ಜೇಡರ ಬಲೆ ಹೊಡೆಯುತ್ತಿದ್ದ ಅಮ್ಮ ಜಗಲಿಯ ಕಂಬದ ಹತ್ತಿರ ಬಂದು ಪೊರಕೆ ನಿಲ್ಲಿಸಿದಳು. "ಈ ಪೀಪಿಗೂ ಕಂಬಕ್ಕೂ ಸೇರಿಸಿ ಜೇಡ ಮನೆ ಕಟ್ಟಿದೆ ಕಣೋ. ತೆಗೀಲೋ ಬಿಡಲೋ?" ಎಂದು ಕೇಳಿದಳು. ಬಿಡು ಎಂದೆ. ಅವಳು ಮುಂದಿನ ಮೂಲೆಗೆ ಹೋದಳು. ನಾನು ಮಾತ್ರ ಕೈಯಲ್ಲಿದ್ದ ಪೇಪರನ್ನು ಅಲ್ಲೇ ಮಡಿಸಿಟ್ಟು ಆ ಕಂಬವನ್ನೇ ನೋಡುತ್ತ ಕೂತುಬಿಟ್ಟೆ.

ಪೀಪಿ ಎಂದರೆ ನನ್ನ ಸೀಟಿ. ನಾನು ಬೇಲೂರಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಕೆಲಸಕ್ಕೆ ಸೇರಿದ ದಿನ ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಪೊಲೀಸರ ಗತ್ತಿನಲ್ಲಿ ಮನೆಗೆ ಬಂದವನನ್ನು ಅಮ್ಮ ಹೊಸ್ತಿಲಲ್ಲೇ ತಡೆದಿದ್ದಳು. ದಿನವೆಲ್ಲ ಬಾಯಲ್ಲಿಟ್ಟು ಊದಿದ ವಸ್ತು, ಅಂದರೆ ಎಂಜಲು. ಎಂಜಲು ನಡುಮನೆಗೆ ಬರುವಂತಿಲ್ಲ. ಮರುದಿನ ಅವಳೇ ಗುಂಡುಕಲ್ಲು ಹಿಡಿದು ಜಗಲಿಯ ಕಂಬಕ್ಕೆ ಒಂದು ಮೊಳೆ ಹೊಡೆದಳು. ಅಂದಿನಿಂದ ನನ್ನ ದಿನಚರಿ ಗಟ್ಟಿಯಾಯಿತು. ಸಂಜೆ ಬಂದ ಕೂಡಲೇ ಸೀಟಿ ಮೊಳೆಗೆ, ನಾನು ಅಂಗಳದ ನಲ್ಲಿಗೆ, ಬಾಯಿ ಮುಕ್ಕಳಿಸಿದ ಮೇಲೆ ಒಳಗೆ. ಎಲ್ಲಿ ಮರೆತೇನೋ ಎಂದು ಅಡಿಗೆಮನೆಯಿಂದಲೇ ದಿನವೂ ಕೇಳುತ್ತಿದ್ದಳು: "ಬಾಯಿ ಮುಕ್ಕಳಿಸಿದ್ಯೇನೋ?" ನನ್ನ ತಲೆಯ ಮುಂಭಾಗ ಬೋಳಾಯಿತು, ಮಗಳು ಕಾಲೇಜಿಗೆ ಸೇರಿದಳು. ಆದರೂ ಪ್ರಶ್ನೆ ತಪ್ಪಿರಲಿಲ್ಲ.

ಅಮ್ಮನನ್ನು ಅಂದು ಪ್ರಯೋಜನವಿಲ್ಲ. ನಮ್ಮದು ದೇವಸ್ಥಾನದ ಅಡಿಗೆ ಮಾಡುತ್ತಿದ್ದವರ ಮನೆತನ. ಅಜ್ಜ ನೈವೇದ್ಯಕ್ಕೆ ಪೊಂಗಲು ಬೇಯಿಸುವಾಗ ರುಚಿ ನೋಡುವುದಿರಲಿ, ಅದರ ವಾಸನೆಯನ್ನೂ ಬೇಕೆಂದು ತೆಗೆದುಕೊಳ್ಳುವಂತಿರಲಿಲ್ಲ. ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ದೇವರೇ ಮೊದಲು ತಿಳಿದುಕೊಳ್ಳಬೇಕಿತ್ತು. ಅಂಥ ಮನೆಯಲ್ಲಿ ನಾನು ಚಿಕ್ಕವನಿದ್ದಾಗ ಒಂದು ಪ್ರಶ್ನೆ ಕೇಳಿ ಪೆಟ್ಟು ತಿಂದಿದ್ದೆ. ನಾಗಸ್ವರದವರು ಬಾಯಲ್ಲಿಟ್ಟುಕೊಂಡೇ ಊದುತ್ತಾರಲ್ಲ, ಅದೂ ದೇವರ ಎದುರಿಗೇ, ಅದು ಎಂಜಲಲ್ಲವಾ ಅಂತ. ಅಜ್ಜ ನಕ್ಕರು. ಅಮ್ಮ ತಲೆಗೆ ಮೊಟಕಿದಳು. ಆಮೇಲೆ ತುಂಬ ಹೊತ್ತು ಅಕ್ಕಿ ಆರಿಸುತ್ತ ಕೂತಿದ್ದವಳು, "ಯಾರಿಗೋಸ್ಕರ ಊದ್ತಾರೆ ಅನ್ನೋದರ ಮೇಲೆ ಹೋಗುತ್ತೆ" ಎಂದಳು. ಉತ್ತರ ಗೊತ್ತಿಲ್ಲದೆ ನುಣುಚಿಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದೆ. ಇದೇ ಅಮ್ಮ ಸೀಬೆಕಾಯಿಯನ್ನು ತಾನು ಮೊದಲು ಕಚ್ಚಿ ನೋಡಿ, ಸಿಹಿಯಿದ್ದ ಕಡೆಯನ್ನು ನನ್ನ ಬಾಯಿಗೆ ಇಡುತ್ತಿದ್ದಳು. ಅದು ಎಂಜಲಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. ತಾಯಿಯದು ಮಕ್ಕಳಿಗೆ ಎಂಜಲಲ್ಲವಂತೆ.

ಸೀಟಿಯ ಹುಚ್ಚು ನನಗೆ ಹತ್ತಿದ್ದು ಆಟದ ಮೈದಾನದಲ್ಲಲ್ಲ, ಬಸ್ಸಿನಲ್ಲಿ. ನಮ್ಮ ಕಡೆಯ ಬಸ್ಸುಗಳಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ. ಕಂಡಕ್ಟರು ಒಂದು ಸಲ ಉದ್ದಕ್ಕೆ ಊದಿದರೆ ಬಸ್ಸು ನಿಲ್ಲಬೇಕು. ಚಿಕ್ಕದಾಗಿ ಎರಡು ಸಲ ಊದಿದರೆ ಹೊರಡಬೇಕು. ಮೂಟೆ, ಕುಕ್ಕೆ, ಕೋಳಿ, ಮದುವೆ ದಿಬ್ಬಣ ಎಲ್ಲವನ್ನೂ ತುಂಬಿಕೊಂಡ ಅಷ್ಟು ದೊಡ್ಡ ಬಸ್ಸು ಬೆರಳುದ್ದದ ಆ ಸಾಮಾನಿನ ಮಾತು ಕೇಳುತ್ತದಲ್ಲ ಎಂದು ನಾನು ಬೆರಗಾಗುತ್ತಿದ್ದೆ. ಬೇಲೂರಿನ ಬೀದಿಯಲ್ಲಿ ನಾವು ಹುಡುಗರು ಹಗ್ಗದೊಳಗೆ ನಿಂತು ಬಸ್ಸಾಟ ಆಡುವಾಗ ಡ್ರೈವರಾಗಲು ಎಲ್ಲರೂ ಜಗಳಾಡುತ್ತಿದ್ದರು. ನನಗೆ ಕಂಡಕ್ಟರಾದರೆ ಸಾಕಿತ್ತು. ಸೀಟಿ ಇಲ್ಲದ್ದರಿಂದ ಬಾಯಲ್ಲಿ ಎರಡು ಬೆರಳು ತೂರಿಸಿ ಊದುವುದನ್ನು ಕಲಿತೆ. ಅದನ್ನು ಅಮ್ಮ ಕಂಡ ದಿನ ಆ ಎರಡು ಬೆರಳಿಗೂ ಹಾಗಲಕಾಯಿಯ ರಸ ಹಚ್ಚಿಸಿಕೊಂಡೆ.

ಬ್ಯಾಸ್ಕೆಟ್‌ಬಾಲಿಗೆ ನಾನು ಬಂದದ್ದು ಪ್ರತಿಭೆಯಿಂದೇನೂ ಅಲ್ಲ. ಅರಸೀಕೆರೆಯಲ್ಲಿ ಕಾಲೇಜು ಓದುವಾಗ ಕಬಡ್ಡಿಗೆ ಸೇರಿದ್ದೆ. ನನ್ನ ಕಾಲು ಎಷ್ಟು ಉದ್ದವೆಂದರೆ ಎದುರಾಳಿಗಳು ಎದ್ದು ಬರಬೇಕಾಗಿಯೇ ಇರಲಿಲ್ಲ, ಕೂತಲ್ಲಿಂದಲೇ ಹಿಡಿಯುತ್ತಿದ್ದರು. ಬೇಸತ್ತ ಮೇಷ್ಟ್ರು ನನ್ನನ್ನು ಬ್ಯಾಸ್ಕೆಟ್‌ಬಾಲ್ ರಿಂಗಿನ ಕೆಳಗೆ ನಿಲ್ಲಿಸಿ ಬಂದರು. ರೈಲು ಹಳಿಯ ಪಕ್ಕದಲ್ಲೇ ನನ್ನ ಬಾಡಿಗೆ ಕೋಣೆ. ಹಗಲೂ ರಾತ್ರಿ ಕೂಗುವ ಎಂಜಿನ್ನುಗಳ ನಡುವೆ ಓದಿ, ನಿದ್ದೆ ಮಾಡಿ, ಕೊನೆಗೆ ಆ ಕೂಗು ಕಿವಿಗೆ ಬೀಳದಷ್ಟು ಒಗ್ಗಿಹೋಗಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ನಮ್ಮ ಊರುಗಳಲ್ಲಿ ಈ ಆಟಕ್ಕೆ ಅಂಥ ಮರ್ಯಾದೆಯೇನಿಲ್ಲ. ಹಳೇಬೀಡಿನ ಒಂದು ಶಾಲೆಯಲ್ಲಿ ನಮ್ಮ ಹುಡುಗಿಯರು ಪ್ರದರ್ಶನ ಪಂದ್ಯ ಆಡಿದಾಗ ಊರಿನ ಹಿರಿಯರೊಬ್ಬರು ಕೊನೆಯವರೆಗೂ ನೋಡಿ, ಆ ಬಲೆಗೆ ತಳ ಹೊಲಿಸಿದರೆ ಹುಡುಗೀರಿಗೆ ಇಷ್ಟು ತ್ರಾಸವಿರುವುದಿಲ್ಲ ಎಂದು ಕನಿಕರದಿಂದ ಸಲಹೆ ಕೊಟ್ಟಿದ್ದರು. ನಮ್ಮ ಶಾಲೆಯ ಅಂಕಣವೂ ಅಷ್ಟಕ್ಕಷ್ಟೆ. ಸಿಮೆಂಟು ಬಿರುಕು ಬಿಟ್ಟಿದೆ, ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ, ಒಂದು ರಿಂಗು ಹುಡುಗರು ಜೋತಾಡಿ ಜೋತಾಡಿ ಮೂತಿ ಕೆಳಗೆ ಹಾಕಿದೆ. ಆದರೂ ಹೆಣ್ಣುಮಕ್ಕಳ ಒಂದು ತಂಡ ಕಟ್ಟಿದ್ದೆ. ನಾನು ಅವರಿಗೆ ಮೊದಲು ಕಲಿಸಿದ್ದು ಚೆಂಡು ಹಿಡಿಯುವುದನ್ನಲ್ಲ, ಸೀಟಿಯನ್ನು. ಒಂದು ಸಲ ಊದಿದರೆ ಇದ್ದಲ್ಲೇ ನಿಲ್ಲಬೇಕು. ಎತ್ತಿದ ಕಾಲನ್ನು ಇಳಿಸುವಂತೆಯೂ ಇಲ್ಲ. ಯಾರು ಎಲ್ಲಿದ್ದಾರೆ, ಎಲ್ಲಿ ಇರಬೇಕಿತ್ತು ಎಂದು ನಾನು ತೋರಿಸುತ್ತಿದ್ದೆ. ಎರಡು ಸಲ ಊದಿದ ಮೇಲೆ ಆಟ ಮುಂದುವರಿಯಬೇಕು. ಪುಸ್ತಕದಲ್ಲಿ ಓದಿದ ವಿದ್ಯೆಯಲ್ಲ, ಕಂಡಕ್ಟರುಗಳಿಂದ ಕದ್ದದ್ದು.

ತಂಡದಲ್ಲಿ ಇಬ್ಬರನ್ನು ನೀವು ತಿಳಿದುಕೊಂಡರೆ ಸಾಕು. ನಾಯಕಿ ಶಿಲ್ಪಾ ಹಗರೆಯವಳು. ಬೆಳಗ್ಗೆ ಡೇರಿಗೆ ಹಾಲು ಹಾಕಿ ಶಾಲೆಗೆ ಬರುವ ಹುಡುಗಿ. ಎಮ್ಮೆಗಳನ್ನು ಕೂಗಿ ಕರೆದು ಪಳಗಿದ ಗಂಟಲು, ನನ್ನ ಸೀಟಿಗಿಂತ ಜೋರು. ಇನ್ನೊಬ್ಬಳು ಸಿಂಚನಾ. ಅರೇಹಳ್ಳಿಯಿಂದ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಅವಳ ವಾಸ. ಅಪ್ಪ ಮಂಜಣ್ಣ, ಅಮ್ಮ ರತ್ನಮ್ಮ ಇಬ್ಬರೂ ಅಲ್ಲೇ ಕೆಲಸಕ್ಕಿದ್ದರು. ಈ ಹುಡುಗಿಯಷ್ಟು ಚೆನ್ನಾಗಿ ಓಡುವವರನ್ನು ನಾನು ನನ್ನ ನೌಕರಿಯಲ್ಲಿ ಕಂಡಿಲ್ಲ. ಅಷ್ಟೇ ಚೆನ್ನಾಗಿ ನಿಲ್ಲುತ್ತಿದ್ದಳು ಕೂಡ. ಉಳಿದವರು ಸೀಟಿಯಾದ ಮೇಲೂ ಒಂದೆರಡು ಹೆಜ್ಜೆ ಜಾರುತ್ತಿದ್ದರು. ಇವಳು ಗಾಳಿಯಲ್ಲಿದ್ದರೂ ಕಲ್ಲಿನ ಗೊಂಬೆಯ ಹಾಗೆ ಇಳಿದು ನಿಲ್ಲುತ್ತಿದ್ದಳು. ನಿಲ್ಲುವುದೆಂದರೆ ಸಿಂಚನಾಳನ್ನು ನೋಡಿ ಕಲಿಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ.

ಆಟ ಶುರುವಾದ ವಾರದಲ್ಲೇ ಅವಳ ಅಮ್ಮ ಶಾಲೆಗೆ ಬಂದಿದ್ದರು. ಸಣ್ಣ ಆಳು, ಸೆರಗನ್ನು ಹೊದ್ದುಕೊಂಡು ಬಾಗಿಲ ಹೊರಗೇ ನಿಂತರು. ಎಷ್ಟು ಕರೆದರೂ ಒಳಗೆ ಬರಲಿಲ್ಲ. "ಆಟ ಬ್ಯಾಡ ಅನ್ನಕಿಲ್ಲ ಸಾ. ಐದರ ಬಸ್ಸಿಗೆ ಮಾತ್ರ ಬುಟ್ಬುಡಿ. ನಮ್ ಕಡೆ ಆನೆ ಐತೆ" ಎಂದರು. ಅರೇಹಳ್ಳಿ ಕಡೆಯ ತೋಟಗಳಲ್ಲಿ ಆನೆಯೆಂದರೆ ಟೀವಿಯಲ್ಲಿ ನೋಡುವ ಪ್ರಾಣಿಯಲ್ಲ. ಯಾವ ತೋಟದಲ್ಲಿ ಬೀಡುಬಿಟ್ಟಿವೆ ಎಂದು ಮೊಬೈಲಿಗೆ ಮೆಸೇಜು ಬರುತ್ತದೆ, ಸಿಗ್ನಲ್ ಸಿಕ್ಕರೆ. ಕಾಫಿ ಗಿಡದ ಮರೆಯಲ್ಲಿ ಅಷ್ಟು ದೊಡ್ಡ ಜೀವ ಸದ್ದಿಲ್ಲದೆ ನಿಂತಿರುತ್ತದಂತೆ. ಹತ್ತಿರ ಹೋದ ಮೇಲೆ ಕಿವಿ ಬೀಸಿದ ಗಾಳಿಯಿಂದ ಗೊತ್ತಾಗಬೇಕು. ದಿನವೂ ಸಂಜೆ ರಸ್ತೆಯವರೆಗೆ ಬಂದು ಮಗಳನ್ನು ಕರೆದುಕೊಂಡು ಹೋಗುವುದು ರತ್ನಮ್ಮನವರ ಕೆಲಸವಾಗಿತ್ತು.

ನನಗೆ ಏನು ತೋಚಿತೋ, ಮೇಜಿನ ಖಾನೆಯಲ್ಲಿದ್ದ ಹಳೆಯ ಸ್ಟೀಲಿನ ಸೀಟಿಯನ್ನು ತೆಗೆದು ಸಿಂಚನಾಳಿಗೆ ಕೊಟ್ಟೆ. ದಾರಿಯಲ್ಲಿ ಇರಲಿ ಎಂದೆ. ಮುಂದಿನದನ್ನು ತಾಯಿ ಮಗಳು ತಾವೇ ಮಾಡಿಕೊಂಡರು. ಸೀಟಿ ಅಮ್ಮನ ಕೊರಳಿಗೆ ಹೋಯಿತು. ಅಮ್ಮ ಲೈನ್ ಮನೆಯಿಂದ ಇಳಿದು ಬರುತ್ತಾರೆ, ಮಗಳು ರಸ್ತೆಯಿಂದ ಹತ್ತಿ ಹೋಗುತ್ತಾಳೆ, ನಡುವೆ ತಿರುವುಗಳು. ಅಮ್ಮ ಎರಡು ಸಲ ಊದಿದರೆ ದಾರಿ ಸಲೀಸು, ಬಾ. ಒಂದೇ ಸಲ ಊದಿದರೆ ಆನೆ ಇದೆ, ಇದ್ದಲ್ಲೇ ನಿಲ್ಲು. ಇದನ್ನೆಲ್ಲ ಸಿಂಚನಾ ನಗುನಗುತ್ತ ತಂಡದವರಿಗೆ ಹೇಳಿದ್ದಳು. ಅಮ್ಮನಿಗೆ ಸರಿಯಾಗಿ ಊದಲು ಬರುವುದಿಲ್ಲ, ಕೆನ್ನೆ ಉಬ್ಬಿಸಿ ಊದಿದರೂ ಮೊದಲು ಬರೀ ಗಾಳಿ ಬಂದು ಆಮೇಲೆ ಸದ್ದು ಬರುತ್ತದೆ ಎಂದು ನಟಿಸಿ ತೋರಿಸಿದ್ದಳು. ನಾನೂ ನಕ್ಕಿದ್ದೆ. ನನ್ನ ಪಾಠ ಕಾಫಿ ತೋಟದವರೆಗೂ ಹೋಯಿತಲ್ಲ ಎಂದು ಒಳಗೊಳಗೇ ಬೀಗಿದ್ದೆ.

ಒಂದು ಸಂಜೆ ರತ್ನಮ್ಮ ಒಂದೇ ಸಲ ಊದಿದರು.

ಅಂದು ಬಸ್ಸು ತಡವಾಗಿರಲಿಲ್ಲ, ನಾನೂ ತಡಮಾಡಿರಲಿಲ್ಲ. ಸುಮ್ಮನೆ ಆಯಿತು. ಯಾರನ್ನಾದರೂ ಬೈದು ಸಮಾಧಾನ ಮಾಡಿಕೊಳ್ಳೋಣವೆಂದರೆ ಯಾರೂ ಸಿಗಲಿಲ್ಲ. ಸುದ್ದಿ ಬಂದಾಗ ನಾನು ಶಾಲೆಯ ಪ್ರಾರ್ಥನೆಯ ಸಾಲು ನಿಲ್ಲಿಸುತ್ತಿದ್ದೆ. ಸೀಟಿ ಬಾಯಲ್ಲೇ ಇತ್ತು. ಅದನ್ನು ತೆಗೆಯುವುದೂ ಮರೆತು ಹೋಗಿ, ಹೆಡ್ ಮಾಸ್ಟರು ಹೇಳಿದ್ದಕ್ಕೆ ನಾನು ಉಸಿರು ಬಿಟ್ಟಾಗ ಅದು ತಾನಾಗಿ ಸಣ್ಣಗೆ ಕೂಗಿತು. ಮಕ್ಕಳೆಲ್ಲ ಅಲ್ಲಾಡದೆ ನಿಂತರು.

ರತ್ನಮ್ಮನವರ ಮಣ್ಣಾದ ಮೇಲೆ ಶಿಲ್ಪಾ ಮತ್ತು ಉಳಿದ ಹುಡುಗಿಯರನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಲೈನ್ ಮನೆಯ ಮುಂದೆ ಹೆಂಗಸರು ಕೂತಿದ್ದರು. ಸಿಂಚನಾ ಗೋಡೆಗೆ ಒರಗಿದ್ದಳು. ಅಳುತ್ತಿರಲಿಲ್ಲ. ನನ್ನನ್ನು ಕಂಡು ಎದ್ದು ನಿಂತಳು, ತರಗತಿಯಲ್ಲಿ ಎದ್ದು ನಿಲ್ಲುವ ಹಾಗೆ. ನಾನು ಏನೋ ಹೇಳಲು ಹೊರಟೆ, ಅವಳೇ ಹೇಳಿದಳು.

"ನಾನು ನಿಂತೆ ಸಾರ್. ಅಮ್ಮ ತಿರುವಿನ ಆಚೆ ಇತ್ತು. ಕಾಣ್ತಿರ್ಲಿಲ್ಲ. ಸೀಟಿ ಕೇಳ್ತು, ನಿಂತೆ. ಆಮೇಲೆ ಏನೇನೋ ಸದ್ದು ಬಂತು. ಎರಡನೇ ಸೀಟಿ ಬರೋವರ್ಗೂ ಅಲ್ಲಾಡ್ಬಾರ್ದು ಅಂತ ನಿಂತೇ ಇದ್ದೆ. ಅದು ಬರ್ಲೇ ಇಲ್ಲ ಸಾರ್."

ಕತ್ತಲಾಗುವ ಹೊತ್ತಿಗೆ ತೋಟದವರು ಆನೆ ಓಡಿಸಲು ಪಟಾಕಿ ಹಚ್ಚಿಕೊಂಡು ಬಂದಾಗಲೂ ಅವಳು ಆ ತಿರುವಿನ ಈಚೆ ನಿಂತೇ ಇದ್ದಳಂತೆ. ಬ್ಯಾಗು ಬೆನ್ನಿನಲ್ಲೇ ಇತ್ತಂತೆ. ಒಬ್ಬರು ಹೆಂಗಸು ನನ್ನ ಹತ್ತಿರ ಬಂದು, ನೀವು ಕಲಿಸಿದ್ದರಿಂದಲೇ ಮಗು ಉಳಿಯಿತು ಸಾ ಎಂದು ಕೈಮುಗಿದರು. ಆ ನಮಸ್ಕಾರವನ್ನು ನಾನು ಇವತ್ತಿಗೂ ಎಲ್ಲಿಡಬೇಕೋ ತಿಳಿಯದೆ ಹೊತ್ತುಕೊಂಡಿದ್ದೇನೆ. ಸಿಂಚನಾ ಆ ಮಾತು ಕೇಳಿಸಿಕೊಂಡಳು. ಅವಳ ಮುಖ ನೋಡಿ ನನಗೆ ಒಂದು ವಿಷಯ ಅರ್ಥವಾಯಿತು. ನಿಂತದ್ದಕ್ಕೆ ಉಳಿದೆ ಎಂದು ಅವಳು ಎಣಿಸುತ್ತಿರಲಿಲ್ಲ. ನಿಂತದ್ದಕ್ಕೆ ಅಮ್ಮ ಹೋದಳು ಎಂದು ಎಣಿಸುತ್ತಿದ್ದಳು.

ಸಂಜೆ ಮನೆಗೆ ಬಂದು ನನ್ನ ಸೀಟಿಯನ್ನು ಮೊಳೆಗೆ ಹಾಕಿದೆ. ಮತ್ತೆ ತೆಗೆಯಲಿಲ್ಲ.

ಸೂತಕ ಕಳೆದ ಮೇಲೆ ಮಂಜಣ್ಣ ಮಗಳನ್ನು ಕರೆದುಕೊಂಡು ಅಂಕಣಕ್ಕೇ ಬಂದರು. ಮುಂದಿನ ವರ್ಷ ಅವಳನ್ನು ಬಾಣಾವರದಲ್ಲಿರುವ ತಂಗಿಯ ಮನೆಗೆ ಬಿಡುತ್ತಾರಂತೆ, ಅಲ್ಲೇ ಶಾಲೆಗೆ ಹಾಕುತ್ತಾರಂತೆ. "ಈ ಆಟ ಮುಗಿಯೋಗಂಟ ಬತ್ತಾಳೆ ಸಾ. ಅವರವ್ವ ಆಡಲಿ ಅಂತಿದ್ಲು" ಎಂದರು. ಅಂದಿನಿಂದ ಅವರೂ ದಿನಾ ಸಂಜೆ ಬಂದು ಕಾಂಪೌಂಡಿನ ಮೇಲೆ ಕೂರುತ್ತಿದ್ದರು, ಆಟ ಮುಗಿದ ಮೇಲೆ ಮಗಳ ಜೊತೆ ಐದರ ಬಸ್ಸು ಹತ್ತುತ್ತಿದ್ದರು. ಆಟದ ಕಡೆ ಅವರು ನೋಡುತ್ತಿದ್ದುದು ಕಡಿಮೆ. ಮಗಳ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಲ ನೋಡುತ್ತಿದ್ದರು.

ತಾಲೂಕು ಪಂದ್ಯಗಳು ಹತ್ತಿರ ಬಂದಿದ್ದವು. ಸಿಂಚನಾ ಮೊದಲಿನ ಹಾಗೇ ಓಡಿದಳು, ಮೊದಲಿಗಿಂತ ಜೋರಾಗಿಯೇ ಓಡಿದಳು. ಆದರೆ ಯಾವುದಾದರೂ ಸೀಟಿ ಕೇಳಿದರೆ ನಿಲ್ಲುತ್ತಿದ್ದಳು, ಮತ್ತೆ ಹೊರಡುತ್ತಿರಲಿಲ್ಲ. ಅದು ಎರಡು ಸಲ ಕೇಳಿದರೂ ಇಲ್ಲ. ಪಕ್ಕದ ಬೀದಿಯಲ್ಲಿ ಟ್ರಾಫಿಕ್ ಪೊಲೀಸ್ ಊದಿದರೂ ಆಯಿತು, ಚೆಂಡು ಹಿಡಿದು ಮರದ ಹಾಗೆ ನಿಲ್ಲುತ್ತಿದ್ದಳು. ನಾನು ಚಪ್ಪಾಳೆಯಲ್ಲೇ ಆಟ ನಡೆಸಲು ಶುರು ಮಾಡಿದೆ. ಅಂಗೈ ಊದಿಕೊಂಡಿತು. ಅಮ್ಮ ಅರಿಶಿನ ಹಚ್ಚಿದಳು. ಕೊರಳಲ್ಲಿ ಸೀಟಿ ಇಲ್ಲದ್ದನ್ನು ನೋಡಿ, ಬಾಯಿ ಮುಕ್ಕಳಿಸಿದೆಯಾ ಎಂದು ಕೇಳುವುದನ್ನೂ ಬಿಟ್ಟಳು. ನನಗೋ ಆ ದಿನಗಳಲ್ಲಿ ಲೋಕದಲ್ಲಿ ಎಷ್ಟೊಂದು ಸೀಟಿಗಳಿವೆ ಎಂದು ಗಾಬರಿಯಾಗುತ್ತಿತ್ತು. ಕುಕ್ಕರು ಕೂಗಿದರೂ ಎರಡನೇ ಸಲಕ್ಕೆ ಕಾಯುತ್ತ ಕೂರುತ್ತಿದ್ದೆ. ಹೆಂಡತಿಗೆ ಪಾತ್ರೆಯಲ್ಲೇ ಬೇಳೆ ಬೇಯಿಸು ಎಂದೆ. ಅವಳು ಕಾರಣ ಕೇಳದೆ ಹಾಗೇ ಮಾಡಿದಳು.

ನನ್ನ ಚಪ್ಪಾಳೆ ಪಂದ್ಯದಲ್ಲಿ ನಡೆಯುವುದಿಲ್ಲವಲ್ಲ. ಅಲ್ಲಿ ರೆಫರಿ ಮಾತುಮಾತಿಗೂ ಊದುತ್ತಾನೆ. ದಾರಿ ಕಂಡುಹಿಡಿದವಳು ಶಿಲ್ಪಾ. ಆಟ ಮತ್ತೆ ಶುರುವಾಗುವಾಗ ಅವಳು ಓಡಿ ಹೋಗಿ ಸಿಂಚನಾಳ ಬೆನ್ನು ಮುಟ್ಟುತ್ತಿದ್ದಳು. ಮುಟ್ಟಿದ ಕೂಡಲೇ ಸಿಂಚನಾ ಹೊರಡುತ್ತಿದ್ದಳು. ಅವಳೊಬ್ಬಳನ್ನೇ ಮುಟ್ಟಿದರೆ ಬೇರೆಯವರು ಏನಾದರೂ ಅಂದುಕೊಳ್ಳುತ್ತಾರೆಂದು ಐವರೂ ಒಬ್ಬರ ಬೆನ್ನು ಒಬ್ಬರು ಮುಟ್ಟಿಕೊಳ್ಳುವುದನ್ನು ರೂಢಿ ಮಾಡಿಕೊಂಡರು. ನಾನು ಹೇಳಿಕೊಟ್ಟದ್ದಲ್ಲ. ತಾಲೂಕು ಗೆದ್ದ ದಿನ ಇನ್ನೊಂದು ಶಾಲೆಯ ಪಿ.ಟಿ. ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, ಇದು ಯಾವ ಹೊಸ ತಂತ್ರ, ನಮಗೂ ಸ್ವಲ್ಪ ಹೇಳಿ ಎಂದರು. ಏಕಾಗ್ರತೆಗೆ ಎಂದೆ. ಅವರ ಹುಡುಗಿಯರೂ ಈಗ ಬೆನ್ನು ಮುಟ್ಟಿಕೊಳ್ಳುತ್ತಾರಂತೆ.

ಗೆದ್ದದ್ದರಿಂದ ನನಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳು. ಆದರೆ ಆ ವರ್ಷ ನನಗೆ ಕಪ್ ಬೇಕಿರಲಿಲ್ಲ. ಯಾರೂ ಮುಟ್ಟದೆ, ಯಾರೂ ನೂಕದೆ, ಆ ಹುಡುಗಿ ತಾನಾಗಿ ಒಂದು ಸಲ ನಿಂತಲ್ಲಿಂದ ಹೊರಟರೆ ಸಾಕಾಗಿತ್ತು. ಬಾಣಾವರಕ್ಕೆ ಹೋದ ಮೇಲೆ ಅವಳ ಬೆನ್ನು ಮುಟ್ಟಲು ಶಿಲ್ಪಾ ಇರುವುದಿಲ್ಲ. ಈ ಯೋಚನೆ ನನ್ನನ್ನು ಊಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಹೇಗೆ ಬರುತ್ತೀ, ಕಂಡಕ್ಟರು ಊದುತ್ತಾರಲ್ಲ ಎಂದು ಒಮ್ಮೆ ಕೇಳಿದ್ದೆ. ಬಸ್ಸಿನಲ್ಲಿ ಕೂತೇ ಇರುತ್ತೇನಲ್ಲ ಸಾರ್, ಬಸ್ಸೇ ಹೋಗುತ್ತದೆ ಎಂದಳು.

ಜಿಲ್ಲಾ ಮಟ್ಟದ ಪಂದ್ಯ ಅರಸೀಕೆರೆಯಲ್ಲಿ. ಹಳೇಬೀಡು, ಬಾಣಾವರ ದಾಟಿ ಬಸ್ಸಿನಲ್ಲಿ ಹೊರಟೆವು. ಬಾಣಾವರ ಬಂದಾಗ ಮಂಜಣ್ಣ ಕಿಟಕಿಯಿಂದ ಬೆರಳು ತೋರಿಸಿ, ಅಗೋ ಆ ಬೀದಿಯಲ್ಲೇ ನಿಮ್ಮ ಅತ್ತೆ ಮನೆ ಎಂದು ಮಗಳಿಗೆ ಹೇಳಿದರು. ಅವಳು ಆ ಕಡೆ ನೋಡಲಿಲ್ಲ. ಶಿಲ್ಪಾ ನೋಡಿದಳು.

ಆಟ ಬಿರುಸಾಗಿ ನಡೆಯಿತು. ಕೊನೆಯ ಭಾಗ ಬರುವ ಹೊತ್ತಿಗೆ ನಾವು ಕೂದಲೆಳೆಯಷ್ಟು ಮುಂದಿದ್ದೆವು. ಅಷ್ಟರಲ್ಲಿ ಶಿಲ್ಪಾಳಿಗೆ ಐದನೇ ಫೌಲ್ ಆಯಿತು, ಅವಳು ಹೊರಗೆ ಬರಬೇಕಾಯಿತು. ಬರುವಾಗಲೇ ಉಳಿದವರಿಗೆಲ್ಲ ಕೂಗಿ ಹೇಳಿ ಬಂದಳು, ಮುಟ್ಟೋದು ಮರೀಬೇಡ್ರೇ ಎಂದು. ಅವರು ಮರೆಯಲೂ ಇಲ್ಲ. ರೆಫರಿ ಊದಿದಾಗಲೆಲ್ಲ ಯಾರಾದರೊಬ್ಬರು ಓಡಿಬಂದು ಸಿಂಚನಾಳ ಬೆನ್ನು ಮುಟ್ಟಿದರು. ಇನ್ನೇನು ಆಟ ಮುಗಿಯಬೇಕು, ಚೆಂಡು ಸಿಂಚನಾಳ ಕೈಗೆ ಸಿಕ್ಕಿತು. ಎದುರಿಗೆ ಯಾರೂ ಇಲ್ಲ. ರಿಂಗು ಮತ್ತು ಅವಳು, ಅಷ್ಟೇ. ಅವಳು ಓಡುವ ಚಂದ ನೋಡಿ ಬೇರೆ ಊರಿನವರೂ ಎದ್ದು ನಿಂತರು.

ಆಗ ರೈಲು ಕೂಗಿತು. ಮೈದಾನದ ಹಿಂದೆಯೇ ಹಳಿ. ಒಂದೇ ಕೂಗು, ಉದ್ದನೆಯದು.

ಸಿಂಚನಾ ನಿಂತಳು. ರೆಫರಿಯ ಸೀಟಿಗೆ ಓಡಿಬರುವ ಹುಡುಗಿಯರಿಗೆ ಇದೂ ಒಂದು ಸೀಟಿಯೆಂದು ಹೊಳೆಯಲೇ ಇಲ್ಲ. ವರ್ಷಗಟ್ಟಲೆ ಆ ಕೂಗಿನ ಪಕ್ಕದಲ್ಲೇ ಮಲಗಿ ಎದ್ದ ನನಗೇ ಹೊಳೆದಿರಲಿಲ್ಲ. ಎದುರು ತಂಡದ ಹುಡುಗಿಯೊ​ಬ್ಬಳು ಹಿಂದಿನಿಂದ ಬಂದು, ಅಂಗಡಿಯಲ್ಲಿ ತೆಂಗಿನಕಾಯಿ ಇಸಿದುಕೊಳ್ಳುವ ಹಾಗೆ ಅವಳ ಕೈಯಿಂದ ಚೆಂಡು ತೆಗೆದುಕೊಂಡಳು. ತೆಗೆದುಕೊಂಡವಳಿಗೇ ಅನುಮಾನ ಬಂದು ಒಮ್ಮೆ ತಿರುಗಿ ನೋಡಿದಳು. ಆಮೇಲೆ ಓಡಿದಳು. ಗೆರೆಯ ಒಳಗೆ ನಾನು ಕಾಲಿಡುವಂತಿಲ್ಲ. ಕೊರಳಲ್ಲಿ ಸೀಟಿಯಿಲ್ಲ. ನನಗೆ ಅರಿವಿಲ್ಲದೆ ಎರಡು ಬೆರಳು ಬಾಯೊಳಗೆ ಹೋದವು. ಎರಡು ಸಲ, ಚಿಕ್ಕದಾಗಿ, ಬಸ್ಸಾಟದ ಹಾಗೆ. ಬಾಯಿ ಒಣಗಿತ್ತು. ಬರೀ ಗಾಳಿ ಬಂತು.

ಅವರಿಗೆ ಬ್ಯಾಸ್ಕೆಟ್ ಆದ ಮೇಲೆ ಟೈಮ್‌ಔಟ್ ಕೇಳಿದೆ. ಬೆಂಚಿನಲ್ಲಿದ್ದ ಶಿಲ್ಪಾ ಓಡಿ ಹೋಗಿ ಸಿಂಚನಾಳ ಬೆನ್ನು ಮುಟ್ಟಿದಳು. ಮುಟ್ಟಿದ ಕೈಯನ್ನು ತೆಗೆಯದೆ ಹಾಗೇ ನಡೆಸಿಕೊಂಡು ಬಂದಳು. ಸೋತೆವು. ಹುಡುಗಿಯರು ಯಾರೂ ಅವಳ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಸುಮ್ಮನೆ ಬೂಟಿನ ಲೇಸು ಬಿಚ್ಚಿದರು.

ಆ ವರ್ಷದ ಪಂದ್ಯಗಳೆಲ್ಲ ಮುಗಿದ ಮೇಲೆ ಜರ್ಸಿಗಳನ್ನು ಒಗೆದು ತಂದು ಒಪ್ಪಿಸುವುದು ನಮ್ಮಲ್ಲಿ ಪದ್ಧತಿ. ಆ ಸಂಜೆ ಹುಡುಗಿಯರು ಒಬ್ಬೊಬ್ಬರಾಗಿ ಮಡಿಸಿದ ಜರ್ಸಿ ಕೊಟ್ಟು ಹೋದರು. ಸಿಂಚನಾ ಕೊನೆಗೆ ಬಂದಳು. ಜೊತೆಗೆ ಮಂಜಣ್ಣ. ಅವರು ಅಂಗಿಯ ಜೇಬಿನಿಂದ ಮಡಿಸಿದ ಕರ್ಚೀಫು ತೆಗೆದು ಬಿಚ್ಚಿದರು. ನನ್ನ ಹಳೆಯ ಸ್ಟೀಲಿನ ಸೀಟಿ. ಪೊಲೀಸ್ ಠಾಣೆಯಿಂದ ವಾಪಸು ಬಂದು ತುಂಬ ದಿನವಾಗಿತ್ತಂತೆ. ಮಗಳಿಗೆ ತೋರಿಸಲು ಧೈರ್ಯ ಸಾಲದೆ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ್ದರಂತೆ. ಮಗಳು ಊರು ಬಿಡುವ ಮೊದಲು ನಿಮ್ಮದು ನಿಮಗೆ ಸೇರಲಿ ಎಂದು ನನ್ನ ಕೈಗೆ ಇಟ್ಟರು. ಅದರ ತುದಿಯಲ್ಲಿ ಹಲ್ಲಿನ ಗುರುತಿತ್ತು. ತೂತಿನಲ್ಲಿ ಮಣ್ಣು ಕಟ್ಟಿತ್ತು.

ನನಗೆ ಅಭ್ಯಾಸ ನೋಡಿ, ಸೀಟಿ ಕೈಗೆ ಬಂದರೆ ಕಾಲು ತಾನಾಗಿ ನಲ್ಲಿಯ ಕಡೆ ಹೋಗುತ್ತದೆ. ಎರಡು ಹೆಜ್ಜೆ ಇಟ್ಟಿದ್ದೆ.

"ತೊಳೀಬೇಡಿ ಸಾರ್" ಎಂದಳು ಸಿಂಚನಾ.

ನಾನು ತಿರುಗಿ ನೋಡಿದೆ. ಅವಳು ಅಂಕಣದ ನಡುವೆ ಹೋಗಿ ನಿಂತಿದ್ದಳು. ಕೈ ಪಕ್ಕಕ್ಕೆ, ಕಾಲು ಜೋಡಿಸಿ.

"ಎರಡನೇದು ನೀವು ಊದಿ ಸಾರ್. ಹಂಗೇ ಊದಿ."

ಮಂಜಣ್ಣ ಮುಖ ತಿರುಗಿಸಿಕೊಂಡರು. ನಾನು ಹಿಂದೆಮುಂದೆ ನೋಡಲಿಲ್ಲ. ತೊಳೆಯದೆ, ಒರೆಸದೆ, ಆ ಸೀಟಿಯನ್ನು ಬಾಯಲ್ಲಿಟ್ಟುಕೊಂಡೆ. ನಾಲಿಗೆಗೆ ಮಣ್ಣು ತಾಗಿತು. ನಾಗಸ್ವರದ ಬಗ್ಗೆ ಅಮ್ಮ ಹೇಳಿದ ಮಾತು ನೆನಪಾಯಿತು. ಮನಸ್ಸಿನಲ್ಲಿ ರತ್ನಮ್ಮನವರನ್ನು ನೆನೆದು, ಚಿಕ್ಕದಾಗಿ, ಸ್ಪಷ್ಟವಾಗಿ, ಎರಡು ಸಲ ಊದಿದೆ. ನನ್ನ ನೌಕರಿಯಲ್ಲಿ ಅಷ್ಟು ಚೆನ್ನಾಗಿ ನಾನು ಎಂದೂ ಊದಿಲ್ಲ. ಈಗ ಹೊರಡುತ್ತಾಳೆ ಎಂದು ಕಾದೆ. ಇಷ್ಟು ದಿನದ ಭಾರವೆಲ್ಲ ಒಂದು ಸೀಟಿಯಲ್ಲಿ ಇಳಿಸಿಬಿಡುತ್ತೇನೆ ಎಂದುಕೊಂಡಿದ್ದ ಮೇಷ್ಟ್ರು ನಾನು.

ಅವಳು ಅಲ್ಲಾಡಲಿಲ್ಲ. ತಲೆಯನ್ನು ಸ್ವಲ್ಪ ಓರೆ ಮಾಡಿ, ಸದ್ದು ಪೂರ್ತಿ ನಿಲ್ಲುವವರೆಗೂ ಕೇಳಿದಳು.

"ಅಮ್ಮ ಹಿಂಗೆ ಊದ್ತಿರ್ಲಿಲ್ಲ ಸಾರ್" ಎಂದಳು. ನನಗೆ ಬೇಜಾರಾಗದಿರಲಿ ಎಂಬಂತೆ ಮೆಲ್ಲಗೆ ಹೇಳಿದಳು. "ಮೊದ್ಲು ಗಾಳಿ ಬರೋದು."

ಮಂಜಣ್ಣ ಹೋಗಿ ಅವಳ ರಟ್ಟೆ ಹಿಡಿದರು. ಬಾ ಮಗ, ಬಸ್ಸು ಬತ್ತದೆ ಎಂದರು. ಅವಳು ಅಪ್ಪನ ಜೊತೆ ಹೆಜ್ಜೆ ಹಾಕಿದಳು. ನನ್ನ ಮುಂದೆ ಹಾದು ಹೋಗುವಾಗ ಕೈ ಚಾಚಿದಳು. ಸೀಟಿಯನ್ನು ಅವಳ ಅಂಗೈಯಲ್ಲಿಟ್ಟೆ. ದಾರವನ್ನು ಕೊರಳಿಗೆ ಹಾಕಿಕೊಂಡು ಜಂಪರಿನ ಒಳಗೆ ಇಳಿಬಿಟ್ಟುಕೊಂಡಳು. ಅವರಿಬ್ಬರೂ ಗೇಟು ದಾಟಿದರು. ಐದರ ಬಸ್ಸು ಬಂದು ನಿಂತ ಸದ್ದು, ಕಂಡಕ್ಟರು ಎರಡು ಸಲ ಊದಿದ್ದು, ಬಸ್ಸು ಹೊರಟದ್ದು, ಎಲ್ಲ ನನಗೆ ಅಂಕಣದಲ್ಲಿ ನಿಂತೇ ಕೇಳಿಸಿತು.

ಜರ್ಸಿಗಳನ್ನು ಕೋಣೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಬಂದೆ. ಅಂಗಳದ ನಲ್ಲಿಯ ಹತ್ತಿರ ಹೋಗಲಿಲ್ಲ. ಬಾಯಲ್ಲಿ ಮಣ್ಣಿನ ರುಚಿ ಇತ್ತು. ಅದನ್ನು ಉಗುಳಲು ಮನಸ್ಸಾಗಲಿಲ್ಲ, ಅದನ್ನಿಟ್ಟುಕೊಂಡು ಒಳಗೆ ಹೋಗಲೂ ಕಾಲು ಬರಲಿಲ್ಲ. ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತೆ. ಗೇಟಿನ ಸದ್ದು ಕೇಳಿರಬೇಕು, ಅಡಿಗೆಮನೆಯಿಂದ ಅಮ್ಮ ಕೂಗಿದಳು. ಬಂದ್ಯೇನೋ ಎಂದಳು. ಕೂತಲ್ಲಿಂದ ಏಳಲು ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ಅಮ್ಮ ಎರಡನೇ ಸಲ ಕೂಗಿದಳು. ಎದ್ದು ಒಳಗೆ ಹೋದೆ.